ಅಲ್ಲೇ ಇಟ್ಟು ಹೋಗಿ ಮಾರಾಯ್ರೇ!

ಮೊದಲಿಗೇ ಕ್ಷಮೆ ಕೋರುತ್ತೇನೆ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಹಾಗಾಗಿ ಬರೆಯಲು ಕುಳಿತರೆ ನನ್ನ ವಾಕ್ಯಗಳು ಇಸ್ತ್ರಿ ಹಾಕಿಕೊಂಡೇ ಹೊರಡುತ್ತವೆ. ನಿರೂಪಣೆಯಲ್ಲಿ ದೋಷಗಳಿದ್ದರೆ ಅವು ನನ್ನವು. ನಂಬಲಾಗದ ಸಂಗತಿಗಳಿದ್ದರೆ ಅವು ಮಾತ್ರ ಸಂಪೂರ್ಣವಾಗಿ ನನ್ನ ಚಿಕ್ಕಪ್ಪನವು.

ಬೆಳ್ತಂಗಡಿ ತಾಲೂಕಿನಲ್ಲಿ ಮನುಷ್ಯಜಾತಿಯನ್ನು ಪೂರ್ತಿಯಾಗಿ ನಂಬುವವರು ಇನ್ನು ಒಬ್ಬರೇ ಉಳಿದಿದ್ದಾರೆ, ಅವರೇ ನನ್ನ ಚಿಕ್ಕಪ್ಪ! ನಾರಾವಿಯಿಂದ ಒಳಗೆ, ಗುಡ್ಡದ ಮೇಲೆ ನಮ್ಮ ಮನೆ. ಬೆಳಿಗ್ಗೆ ಅವರು ರಬ್ಬರ್ ಟ್ಯಾಪಿಂಗಿನಲ್ಲಿರುತ್ತಾರೆ. ಕೊರಿಯರಿನವರು ಕೆಳಗಿನ ರಸ್ತೆಯಿಂದ ಫೋನು ಮಾಡುವುದೂ ಅದೇ ಹೊತ್ತಿಗೆ. ಬಕೆಟು ಬಿಟ್ಟು ಇಳಿದರೆ ರಬ್ಬರು ಹಾಲು ಹೆಪ್ಪುಗಟ್ಟುತ್ತದೆಯಲ್ಲವೇ? ಆದ್ದರಿಂದ ಅವರದು ಒಂದೇ ಉತ್ತರ: "ಅಲ್ಲೇ ಇಟ್ಟು ಹೋಗಿ ಮಾರಾಯ್ರೇ, ಯಾರು ಮುಟ್ತಾರೆ?"

ಯಾರು ಮುಟ್ಟುತ್ತಾರೆ? ಮೊದಲು ನಾಯಿ ಮುಟ್ಟಿತು. ಬಸ್ ತಂಗುದಾಣದಲ್ಲಿ ಇಟ್ಟು ಹೋದ ಹೊಸ ಚಪ್ಪಲಿಯಲ್ಲಿ ಸಂಜೆಗೆ ಉಳಿದದ್ದು ಎಡಗಾಲಿನದು ಮಾತ್ರ.

"ನಾಯಿಗೂ ಮರ್ಯಾದೆ ಉಂಟು," ಎಂದರು ಚಿಕ್ಕಪ್ಪ. "ಎರಡೂ ತಕೊಂಡು ಹೋಗ್ಲಿಲ್ಲ ನೋಡು."

ಮುಂದಿನ ಸರದಿ ಚಿಕ್ಕಮ್ಮನ ಸೀರೆಯದು. ಅದನ್ನು ರಸ್ತೆಬದಿಯ ಮನೆಯ ಕೋಳಿಗೂಡಿನೊಳಗೆ ಭದ್ರವಾಗಿ ಇರಿಸಲಾಯಿತು. ಕೋಳಿಯೂ ಅಷ್ಟೇ ಭದ್ರವಾಗಿ ಅದರ ಮೇಲೆ ಕುಳಿತಿತು! ಸೀರೆಯ ಜೊತೆಗೆ ಮೂರು ಮೊಟ್ಟೆ ಬಂದುದನ್ನು ಚಿಕ್ಕಪ್ಪ ಕಂಪೆನಿಯ ಕೊಡುಗೆ ಎಂದೇ ಇಂದಿಗೂ ವಾದಿಸುತ್ತಾರೆ.

ಆಮೇಲೆ ಮಿಕ್ಸಿ. ಅದನ್ನು ಮೋರಿಯ ಕಟ್ಟೆಯ ಮೇಲೆ ಇಡಿಸಿದ್ದರು. 'ನಿಮ್ಮ ವಸ್ತು ತಲುಪಿದೆ' ಎಂಬ ಸಂದೇಶ ತಲುಪಿತು; ಮಿಕ್ಸಿ ತಲುಪಲಿಲ್ಲ. ವಾರ ಕಳೆದ ಮೇಲೆ ಗದ್ದೆಯಾಚೆಯಿಂದ ಹೊಸ ಮಿಕ್ಸಿಯ ಸದ್ದು ಕೇಳಿಬಂತು.

"ಹೋಗಿ ಕೇಳಿ ನೋಡುವ," ಎಂದರು ಚಿಕ್ಕಮ್ಮ.

"ಛೆ, ಪಾಪ! ಅವರಿಗೂ ಚಟ್ನಿ ಬೇಡ್ವಾ?"

ಆ ದಿನ ಚಿಕ್ಕಮ್ಮ ಆಡಿದ ಮಾತುಗಳನ್ನು ಪದವೀಧರೆಯಾದ ನಾನು ಇಲ್ಲಿ ಬರೆಯಲಾರೆ. ಫಲವಾಗಿ ಚಿಕ್ಕಪ್ಪ ಹೊಸ ಜಾಗ ಹುಡುಕಿದರು: ರಸ್ತೆಯಂಚಿನ ಗುಳಿಗನ ಕಟ್ಟೆ. ಗುಳಿಗನೆಂದರೆ ನಮ್ಮ ಊರು ಕಾಯುವ ಉಗ್ರ ದೈವ. ಅಲ್ಲಿ ಬಿದ್ದ ತೆಂಗಿನಕಾಯಿಯನ್ನೂ ಯಾರೂ ಮುಟ್ಟುವುದಿಲ್ಲ. ಇದಕ್ಕಿಂತ ಒಳ್ಳೆಯ ಕಾವಲುಗಾರ ಬೇಕೇ?

ಅದೇ ವಾರ ವಿಶ್ವವಿದ್ಯಾಲಯ ನನ್ನ ಪದವಿಯ ಮೂಲ ಪ್ರಮಾಣಪತ್ರವನ್ನು ರವಾನಿಸಿತು. ಅದು ತಲುಪಬೇಕಿದ್ದ ದಿನದ ಮರುದಿನವೇ ಮೂಡುಬಿದಿರೆಯ ಕಾಲೇಜೊಂದರಲ್ಲಿ ಅದನ್ನು ತೋರಿಸಿದರೆ ನನಗೆ ಕೆಲಸ. ಇಲ್ಲವಾದರೆ ಆ ಕೆಲಸ ಇನ್ನೊಬ್ಬರಿಗೆ. ವಿಳಾಸದಲ್ಲಿ ಕೊಟ್ಟಿದ್ದ ಫೋನು ಸಂಖ್ಯೆ, ಓದುಗರು ಊಹಿಸಿರುವಂತೆ, ಚಿಕ್ಕಪ್ಪನದು.

ನಾನು ಹಾಸ್ಟೆಲಿನಿಂದ ಬಂದು ಬಸ್ಸಿಳಿದಾಗ ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಊರೇ ನಿಂತಿತ್ತು. ಕಲ್ಲಿನ ಮೇಲೆ ಕೆಂಪು ಪಟ್ಟಿ ಅಂಟಿಸಿದ ಒಂದು ತೆಳು ಪೊಟ್ಟಣ. ಯಾರೋ ಮಾಟ ಮಾಡಿ ಇಟ್ಟಿದ್ದಾರೆಂದು ಸುದ್ದಿ. ವಿಳಾಸ ಓದಬೇಕಾದರೆ ಹತ್ತಿರ ಹೋಗಬೇಕು; ಹತ್ತಿರ ಹೋದವರು ರಕ್ತ ಕಾರುತ್ತಾರೆ; ಆದ್ದರಿಂದ ಯಾರೂ ಓದಿರಲಿಲ್ಲ. ತರ್ಕದಲ್ಲಿ ದೋಷವೇನೂ ಇರಲಿಲ್ಲ!

"ಸುಟ್ಟು ಬಿಡುವ! ಇಂಥದ್ದನ್ನೆಲ್ಲ ಇಟ್ಟುಕೊಳ್ಳಲೇಬಾರದು," ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರ ಕೈಯಲ್ಲಿ ಸೀಮೆಎಣ್ಣೆಯ ಬಾಟಲಿಯಿತ್ತು. ಅವರೇ ನನ್ನ ಚಿಕ್ಕಪ್ಪ. ಬೆಳಿಗ್ಗೆ "ಕಟ್ಟೆಯಲ್ಲಿ ಇಡಿ" ಎಂದವರೂ ಅವರೇ. ಆದರೆ ಅವರು ಕಾಯುತ್ತಿದ್ದುದು ತೋಟಕ್ಕೆಂದು ತಾವು ತರಿಸಿದ್ದ ಗಂಬೂಟಿಗೆ. ಇಷ್ಟು ತೆಳುವಾದ ಗಂಬೂಟು ಜಗತ್ತಿನಲ್ಲಿ ಉಂಟೇ?

ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದ ನನ್ನ ಇಮೇಲಿಗೆ 'ತಲುಪಿದೆ' ಎಂಬ ಸಂದೇಶ ಬಂದಿತ್ತು, ಫೋಟೋ ಸಮೇತ. ಫೋನಿನಲ್ಲಿ ಅದನ್ನು ತೆರೆದು ಚಿಕ್ಕಪ್ಪನ ಮುಖದೆದುರು ಹಿಡಿದೆ. ಅದೇ ಕಲ್ಲು, ಅದೇ ಪೊಟ್ಟಣ, ಕೆಳಗೆ ನನ್ನ ಹೆಸರು.

"ಇದು ನಿನ್ನ ಡಿಗ್ರಿಯದ್ದಾ ಮಗಾ?"

ತಲೆಯಾಡಿಸಿದೆ. ಅವರು ಬಾಟಲಿಯನ್ನು ಕೆಳಗಿಟ್ಟರು. ಚಪ್ಪಲಿ ಕಳಚಿದರು.

"ಹೇ, ಹೋಗ್ಬೇಡಿ ಮಾರಾಯ್ರೇ! ರಕ್ತ ಕಾರ್ತೀರಿ!" ಎಂದು ಯಾರೋ ಕೂಗಿದರು.

ಹಬ್ಬದ ದಿನವೂ ಆ ಕಟ್ಟೆಗೆ ದೂರದಿಂದಲೇ ಕೈಮುಗಿಯುವ ಮನುಷ್ಯ ನೇರವಾಗಿ ನಡೆದು ಹೋದರು. ಕಲ್ಲಿನೆದುರು ನಿಂತು ಕೈಮುಗಿದರು.

"ಸ್ವಾಮೀ, ಇಲ್ಲಿ ಇಡ್ಲಿಕ್ಕೆ ಹೇಳಿದ್ದು ನಾನು. ಸಿಟ್ಟಿದ್ರೆ ನನ್ನ ಮೇಲೆ ಇರಲಿ. ನಮ್ಮ ಹುಡುಗಿಯ ಕಾಗದ ಅವಳಿಗೆ ಬಿಟ್ಟುಬಿಡಿ."

ಹೆಗಲ ಮೇಲಿನ ಬೈರಾಸು ವಸ್ತ್ರದಲ್ಲಿ ಪೊಟ್ಟಣವನ್ನು, ಹಸುಗೂಸನ್ನು ಸುತ್ತುವಂತೆ, ಸುತ್ತಿ ತಂದು ನನ್ನ ಕೈಗಿಟ್ಟರು. ಆ ಸಂಜೆಯಿಡೀ ಅವರಿಗೆ ಕೆಮ್ಮು ಬಂದಾಗಲೆಲ್ಲ ಅಂಗಳಕ್ಕೆ ಹೋಗಿ, ಉಗುಳಿ, ಬಣ್ಣ ನೋಡಿ ಬರುತ್ತಿದ್ದರು.

ನನಗೆ ಆ ಕೆಲಸ ದೊರೆಯಿತು. ಈಗ ನಮ್ಮ ಮನೆಯ ಯಾವ ವಸ್ತುವನ್ನೂ ದಾರಿಯಲ್ಲಿ ಇಟ್ಟು ಹೋಗಲು ಬಿಡುವುದಿಲ್ಲ. ಫೋನು ಬಂದ ಕೂಡಲೇ ಚಿಕ್ಕಪ್ಪ ಬಕೆಟು ಬಿಟ್ಟು ಗುಡ್ಡ ಇಳಿಯುತ್ತಾರೆ, ಸಹಿ ಹಾಕಿ, ವಸ್ತುವನ್ನು ಕೈಯಲ್ಲೇ ಪಡೆಯುತ್ತಾರೆ. ಎರಡು ಬಾರಿ ಹಾಲು ಹೆಪ್ಪುಗಟ್ಟಿತಂತೆ. ಅವರು ಹೇಳಲಿಲ್ಲ, ಚಿಕ್ಕಮ್ಮ ಹೇಳಿದ್ದು.