ಕ್ಯಾಸೆಟ್ಟಿಗೊಂದು ಒಪ್ಪಿಗೆ ಪತ್ರ

ಮೂರು ವಾರದಿಂದ ಸ್ಪ್ಯಾಮಿನಲ್ಲಿ ಬಿದ್ದಿದ್ದ ಈಮೇಲನ್ನು ತ್ರಿವಿಕ್ರಮ ನೋಡಿದ್ದು ಉತ್ತರಿಸಲು ಕೊಟ್ಟಿದ್ದ ಗಡುವಿನ ಕೊನೆಯ ದಿನ. ಬರೆದದ್ದು ಜರ್ಮನಿಯ ಪುಟ್ಟ ಊರೊಂದರ ಪತ್ರಾಗಾರ. ಸತ್ತ ಮುದುಕಿಯೊಬ್ಬಳ ಪೆಟ್ಟಿಗೆ ತಮ್ಮ ಕೈಸೇರಿದೆ, ಅದರಲ್ಲಿ ನಿಮ್ಮ ತಂದೆ ಹೆಂಡತಿಗೆಂದು ಮಾತಾಡಿಟ್ಟ ಕ್ಯಾಸೆಟ್ ಇದೆ.

ಅಲ್ಲಿ ಸಮಾಜವಾದಿ ಸರ್ಕಾರವಿದ್ದ ಕಾಲದಲ್ಲಿ ಮುದ್ರಣಯಂತ್ರದ ಕಾರ್ಖಾನೆಗೆ ತರಬೇತಿಗೆ ಹೋದ ಅಪ್ಪ, ಅದನ್ನು ಅಂಚೆಗೆ ಹಾಕುವ ಮೊದಲೇ ತೀರಿಕೊಂಡಿದ್ದ. ವಿಳಾಸ ತಿಳಿಯದೆ ಅವನ ಬಾಡಿಗೆ ಮನೆಯ ಒಡತಿಯಾಗಿದ್ದ ಆ ಮುದುಕಿ ಇಟ್ಟುಕೊಂಡಿದ್ದಳು. ಆಗ ತ್ರಿವಿಕ್ರಮ ಏಳು ತಿಂಗಳ ಕೂಸು. ನಲವತ್ತಮೂರು ವರ್ಷದಿಂದ ಅವನಿಗೆ ಅಪ್ಪನೆಂದರೆ ದನಿಯಿಲ್ಲದ ಒಂದು ಫೋಟೊ.

ಆ ಸರ್ಕಾರ ಕಂಡವರ ಕಾಗದವನ್ನೆಲ್ಲ ಒಡೆದು ಓದಿತ್ತಂತೆ. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ, ಖಾಸಗಿ ದಾಖಲೆ ಯಾರಿಗೆಂದು ಇತ್ತೋ ಅವರು ಬದುಕಿದ್ದರೆ ಅವರ ಒಪ್ಪಿಗೆಯಿಲ್ಲದೆ ಈಗಿನ ಪತ್ರಾಗಾರ ಯಾರಿಗೂ ಕೊಡುವುದಿಲ್ಲ. ಅಮ್ಮ ಕಾಂತಮ್ಮನ ಸಹಿ ಇಲ್ಲಿನ ಸಂಜೆ ಆರರೊಳಗೆ ತಲುಪಬೇಕು.

ಎದುರು ಫ್ಲಾಟಿನ ಭಟ್ಕಳದ ನಝೀರ್, ಸೀಲಿಲ್ಲದ ಕಾಗದ ಯಾವ ಸರ್ಕಾರವೂ ಮುಟ್ಟುವುದಿಲ್ಲವೆಂದು ಅವನನ್ನು ಬಾಂಗ್ಸಾರ್ ಪೇಟೆಯಲ್ಲಿ ಸಹಿಗೆ ಸಾಕ್ಷಿಯಾಗಿ ಸೀಲು ಹಾಕುವವನ ಬಳಿಗೆ ಎಳೆದೊಯ್ದ. ಸೀಲಿನವನು ಮಕಾನ್‌ಗೆ, ಅಂದರೆ ಊಟಕ್ಕೆ, ಹೋಗಿದ್ದ. ಕಾಯುತ್ತ ಮಾಮಕ್ ಚಹಾದಂಗಡಿಯಲ್ಲಿ ಕೂತಾಗ ನಝೀರನ ಮೊಣಕೈ ತಗಲಿ ಒಪ್ಪಿಗೆಯ ಅರ್ಜಿ ಚಹಾದಲ್ಲಿ ರಸ್ಕಿನಂತೆ ನೆನೆಯಿತು. ಮತ್ತೊಂದು ಪ್ರತಿ ತೆಗೆಸಿ ಹೋದರೆ, ಸಹಿ ಮಾಡುವವರೆಲ್ಲಿ ಎಂದ ಸೀಲಿನವನು. ಇಬ್ಬರೂ ಮುಖ ಮುಖ ನೋಡಿಕೊಂಡರು. ತ್ರಿವಿಕ್ರಮ ಅಮ್ಮನಿಗೆ ಫೋನ್ ಮಾಡಿದ.

ನಾಲ್ಕೂವರೆಗೆ ಕಾಂತಮ್ಮ ಕಾರಿನಲ್ಲಿ ಬಂದಿಳಿದರು. ಅರ್ಜಿಯಲ್ಲಿ ಎರಡು ಚೌಕಗಳಿದ್ದವು. ಒಂದು, ಕುಟುಂಬದವರೂ ಕೇಳಬಹುದು; ಇನ್ನೊಂದು, ನಾನೊಬ್ಬಳೇ ಕೇಳಬೇಕು. ಮಗ ಎರಡನ್ನೂ ಓದಿ ಹೇಳಿದ. ಕಾಂತಮ್ಮ ಕನ್ನಡಕ ಸರಿಮಾಡಿಕೊಂಡು ಎರಡನೆಯದಕ್ಕೆ ಗುರುತು ಹಾಕಿ, ಸಹಿ ಮಾಡಿಬಿಟ್ಟರು.

"ಅಮ್ಮಾ, ತಪ್ಪು ಬಾಕ್ಸು ಅದು."

"ಕಣ್ಣು ಚೆನ್ನಾಗೇ ಇದೆ ಕಣೋ. ಅವ್ರು ಮಾತಾಡಿರೋದು ನನ್ ಹತ್ರ. ಇಪ್ಪತ್ತಮೂರು ವರ್ಷದ ಹುಡುಗಿ ಹತ್ರ. ಅದ್ರಲ್ಲಿ ನಿಂದೇನು?"

"ಇನ್ನೊಂದು ಪ್ರಿಂಟ್ ತರ್‍ಲಾ?" ಎಂದ ನಝೀರ್, ಮೆಲ್ಲಗೆ.

ಅಷ್ಟರಲ್ಲಿ ಸೀಲು ಬಿದ್ದಾಗಿತ್ತು.

ಕಳಿಸಿದ ಮುಕ್ಕಾಲು ಗಂಟೆಗೆ ಜರ್ಮನಿಯಿಂದ ಕ್ಯಾಸೆಟ್ಟಿನ ದನಿ ಕೇಳುವ ಲಿಂಕ್ ಬಂತು, ಜೊತೆಗೆ ಸೀಲಿನ ಅಗತ್ಯವಿರಲಿಲ್ಲ ಎಂಬ ಒಂದು ಸಾಲು. ತೆರೆಯುವುದು ಹೇಗೆಂದು ಕಾಂತಮ್ಮನಿಗೆ ತಿಳಿಯದು. ತ್ರಿವಿಕ್ರಮನೇ ಪಾಸ್‌ವರ್ಡ್ ಹಾಕಿ, ಇಯರ್‌ಫೋನ್ ಅವರ ಕಿವಿಗೆ ಸಿಕ್ಕಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕದಲ್ಲೇ ಕೂತ.

ಕಾಂತಮ್ಮ ಕಣ್ಣು ಮುಚ್ಚಿದರು. ಎರಡು ಸಲ ತಲೆಯಾಡಿಸಿದರು. ಆಮೇಲೆ, ಅವನು ಹುಟ್ಟಿದಾಗಿನಿಂದ ಕೇಳಿರದ ಒಂದು ನಗೆ ನಕ್ಕರು.

"ಅಪ್ಪ ಏನಂದ್ರಮ್ಮಾ?"

"ಸುಮ್ನಿರೋ," ಎಂದರು ಕಾಂತಮ್ಮ. "ಅವ್ರು ಮಾತಾಡ್ತಿದಾರೆ."