ಪೆಟ್ಟಿಗೆಯಲ್ಲಿದ್ದ ಸಿಪಾಯಿ

ಟಕ್ ಟಕ್ ಟಕಟಕ. ಆ ಕುದುರೆಯ ಗೊರಸಿನ ಸದ್ದು ಈಗಲೂ ಕಿವಿಯಲ್ಲಿದೆ. ಟೀವಿಯಲ್ಲಿ ಅದು ಕೇಳಿಸಿತೆಂದರೆ ಸೌದಿಯ ಅಭಾ ಊರಿನಲ್ಲಿ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಜುಬೇದಾಳ ಚಪ್ಪಲಿ ಅದೇ ತಾಳದಲ್ಲಿ ಹತ್ತಿ ಬರುತ್ತಿತ್ತು. ಮಗಳು ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ನನಗಿದ್ದ ಕಂಪೆನಿ ಎಂದರೆ ಕೆಳಗಿನ ಮನೆಯ ಈ ಉಳ್ಳಾಲದ ಹೆಂಗಸು, ಮತ್ತೆ ಆ ಸೀರಿಯಲ್. ಅಮೆರಿಕದ ಗಡಿಸೀಮೆಯಲ್ಲಿ ದಂಡು ಕಟ್ಟಿ ಕಾದಾಡಿ, ಆಮೇಲೆ ಗವರ್ನರನೂ ಆದ ಒಬ್ಬ ಮುಖಂಡನ ಜೀವನಕಥೆ. ಮಾತು ಇಂಗ್ಲಿಷ್, ಕೆಳಗೆ ಅರಬಿ ಅಕ್ಷರ. ಜುಬೇದಾ ಅರಬಿ ಓದಬಲ್ಲಳು, ಅರ್ಥವಾಗದು. ಇಂಗ್ಲಿಷಂತೂ ಇಲ್ಲವೇ ಇಲ್ಲ. ಹಾಗಾಗಿ ಕಥೆ ಹೇಳುವ ಕೆಲಸ ನನ್ನದು.

ಇಲ್ಲೊಂದು ಕನ್ಫೆಶನ್. ನನ್ನದು ಮಂಗಳೂರಿನ ಕಾನ್ವೆಂಟ್ ಇಂಗ್ಲಿಷ್. ಅದರ ಬಲದಲ್ಲೇ ನಲವತ್ತು ವರ್ಷ ಗ್ರಾಮರ್ ಕಲಿಸಿದವಳು. ಆದರೆ ಸೀರಿಯಲ್ಲಿನ ಆ ಪುಣ್ಯಾತ್ಮ ಬಾಯಲ್ಲಿ ಎರಡು ವೀಳ್ಯ ಒಟ್ಟಿಗೆ ಇಟ್ಟುಕೊಂಡವನ ಹಾಗೆ ಮಾತಾಡುತ್ತಿದ್ದ. ಅರ್ಧ ನನಗೇ ತಿಳಿಯದು. ಒಪ್ಪಿಕೊಳ್ಳುವುದುಂಟೆ? ತಿಳಿಯದ್ದನ್ನು ಕಟ್ಟಿ ಹೇಳುತ್ತಿದ್ದೆ. ಅವನು ಸಭೆಯಲ್ಲಿ ಮೇಜು ಕುಟ್ಟಿ ಗುಡುಗಿದರೆ, "ಊಟ ತಣ್ಣಗಾಗಿದೆಯಂತೆ" ಎನ್ನುತ್ತಿದ್ದೆ.

ಜುಬೇದಾಳ ಗಂಡ ಎದೆಯ ಆಪರೇಷನ್ ಆಗಿ ಐಸಿಯುನಲ್ಲಿದ್ದ. ಅವನನ್ನು ನೋಡಿಕೊಂಡು ನೇರ ನನ್ನಲ್ಲಿಗೆ ಬರುತ್ತಿದ್ದಳು. ಗುಂಡು ತಾಗಿ ನಾಯಕ ಮಲಗಿದ ಎಪಿಸೋಡಿನಿಂದ ಅವಳದು ಒಂದೇ ಪ್ರಶ್ನೆ: "ಟೀಚರ್, ಇವ ಊರಿಗೆ ಹೋಗ್ತಾನಲ್ಲ?"

"ಹೋಗದೆ ಎಂತ ಮಾರಾಯ್ತಿ! ಗಟ್ಟಿ ಜನ ಇವ."

ಕೊನೆಯ ಎಪಿಸೋಡಿನಲ್ಲಿ ಕಹಳೆ ಊದಿದರು. ಬಾವುಟ ಹೊದಿಸಿದ ಪೆಟ್ಟಿಗೆ ಬಂತು.

"ಇದರಲ್ಲಿ ಯಾರು ಟೀಚರ್?"

"ಯಾರೋ ಸಿಪಾಯಿ. ಇವ ಆಗಲೇ ಕುದುರೆ ಹತ್ತಿ ಊರಿಗೆ ಹೋಗಿಯಾಯ್ತು."

"ಮತ್ತೆ ಇವನ ಹೆಂಡತಿ ಕಣ್ಣೀರು ಹಾಕಿ ಕೂಗುವುದು ಎಂತಕ್ಕೆ?"

"ಖುಷಿಗೆ."

ಅವಳು ಹೂಂ ಎಂದು ತಲೆಯಾಡಿಸಿದಳು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಆ ವಾರವೇ ಅವಳ ಗಂಡ ತೀರಿಕೊಂಡ. ಇಲ್ಲಿಯೇ ದಫನ್ ಮಾಡಿದರು. ನಾಲ್ಕು ತಿಂಗಳು ಹತ್ತು ದಿನ ಅವಳು ಇದ್ದತ್ತಿನಲ್ಲಿ, ಗಂಡ ತೀರಿಕೊಂಡ ಹೆಂಗಸರು ಹೊಸ್ತಿಲು ದಾಟದೆ ಕಳೆಯುವ ಅವಧಿಯಲ್ಲಿ, ಮನೆಯೊಳಗೇ ಕೂತಳು. ನಾನು ದಿನಾ ಗಂಜಿ ಹಿಡಿದು ಇಳಿಯುತ್ತಿದ್ದೆ. ಸೀರಿಯಲ್ಲಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಆಮೇಲೆ ಸೌದಿ ಬಿಟ್ಟು ಊರಿಗೆ ಮರಳುವ ಫೈನಲ್ ಎಕ್ಸಿಟ್ ವೀಸಾ ಆಯಿತು. ಕರೆದೊಯ್ಯಲು ತಮ್ಮ ಬಂದ.

ಅವಳನ್ನು ಕೊನೆಯ ಬಾರಿ ಕಂಡದ್ದು ಗೇಟಿನ ಬಳಿ, ಕಾರಿನ ಕಿಟಕಿಯಲ್ಲಿ. ನನ್ನ ಕೈ ಹಿಡಿದುಕೊಂಡಳು.

"ಟೀಚರ್, ಆ ಪೆಟ್ಟಿಗೆಯಲ್ಲಿ ಇದ್ದದ್ದು ಅವನೇ ಅಂತ ನನಗೆ ಅವತ್ತೇ ಗೊತ್ತಿತ್ತು. ನೀವು ಅಷ್ಟು ಕಷ್ಟಪಟ್ಟು ಹೇಳುವಾಗ ಅಲ್ಲ ಅನ್ನಲಿಕ್ಕೆ ಮನಸ್ಸು ಬರಲಿಲ್ಲ."

ನಲವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು. ಕಾರು ಇಳಿಜಾರಿನ ಮಂಜಿನೊಳಗೆ ಇಳಿಯಿತು. ಕೈ ಬೀಸಬೇಕಿತ್ತು, ಸ್ವೆಟರಿನ ಎರಡೂ ತೋಳು ಆಗ ಮೂಗಿಗೇ ಬೇಕಾಗಿದ್ದವು.