ವಿಲೋಮ ಸ್ಟಿಯರಿಂಗಿಗೆ ಮಂಜೂರಾತಿ

೧೯೯೧ರ ಫೆಬ್ರವರಿ ಹನ್ನೊಂದು, ಸೋಮವಾರ, ವಿಶಾಖಪಟ್ಟಣದ ಬ್ಯಾಂಕ್ ಅಧಿಕಾರಿ ಗುರುಪ್ರಸಾದನ ಕೆಂಪು ಸ್ಪೋರ್ಟ್ಸ್ ಕಾರಿಗೆ ವಿಜಯವಾಡದಲ್ಲಿ ರ್‍ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್ ಅಳವಡಿಸಲಾಯಿತು.

ಗತ್ಯಂತರವಿರಲಿಲ್ಲ. ಮೂವತ್ತಮೂರು ವರ್ಷದ ಆ ಕಾರಿನ ಹಳೆಯ ಸ್ಟಿಯರಿಂಗ್ ಎಷ್ಟು ಸವೆದಿತ್ತೆಂದರೆ, ಗಾಜುವಾಕದಲ್ಲಿ ತಿರುಗಿಸಿದರೆ ಕಾರು ಇಪ್ಪತ್ತು ಕಿಲೋಮೀಟರ್ ಆಚೆ ಅನಕಾಪಲ್ಲಿಯಲ್ಲಿ ತಿರುಗುತ್ತಿತ್ತು. ಅದರಲ್ಲಿ ಭೀಮಿಲಿ ಕಡಲತೀರಕ್ಕೆ ಕರೆದೊಯ್ಯುವುದಾಗಿ ಅವನು ಮದುವೆಯಾದ ವಾರವೇ ಹೆಂಡತಿಗೆ ಮಾತು ಕೊಟ್ಟಿದ್ದ. ಒಂಬತ್ತು ವರ್ಷವಾಗಿತ್ತು.

“ಯುಗಾದಿಗೆ ಭೀಮಿಲಿ ತೋರಿಸಿ,” ಎಂದಿದ್ದಳು ಮೃಣಾಲಿನಿ. “ಇಲ್ಲಾಂದ್ರೆ ಕಾರು ಗುಜರಿಗೆ. ಗುಜರಿಯವನಿಗೆ ಹೇಳಿ ಆಗಿದೆ.”

ಕಾರನ್ನು ಲಾರಿಯಲ್ಲಿ ವಿಜಯವಾಡಕ್ಕೆ ಸಾಗಿಸಲಾಯಿತು. ಮೆಕ್ಯಾನಿಕ್ ಸತ್ಯಮೂರ್ತಿ ಬೇರೊಂದು ಕಾರಿನ ರ್‍ಯಾಕ್ ತಂದ. ಚಕ್ರ ತಿರುಗಿಸುವ ಆ ಹಲ್ಲಿನ ಸರಳು ಮುಂಚಕ್ರಗಳ ಅಚ್ಚಿನ ಮುಂದೆ ಕೂರಬೇಕಾದದ್ದು. ಮುಂದೆ ಜಾಗವಿಲ್ಲದ್ದರಿಂದ ಹಿಂದೆ ಕೂರಿಸಿದ. ಪರಿಣಾಮವಾಗಿ, ಎಡಕ್ಕೆ ತಿರುಗಿಸಿದರೆ ಕಾರು ಬಲಕ್ಕೆ ಹೋಗತೊಡಗಿತು.

“ಆದ್ರೆ ತಕ್ಷಣ ಹೋಗ್ತದೆ ನೋಡಿ ಸಾರ್,” ಎಂದ ಸತ್ಯಮೂರ್ತಿ. “ಮೊದಲಿನ ಹಾಗೆ ಕಾಯೋದೇ ಬೇಡ.”

ಅಷ್ಟರಲ್ಲಿ ಅದೇ ಊರಿನ ಭವಾನಿಪುರಂನ ವಾಹನ ಪರಿವರ್ತನಾ ಪರೀಕ್ಷಾ ಉಪಕೇಂದ್ರದ ಅಧಿಕಾರಿ ಸೂರ್ಯಪ್ರಕಾಶರು ಬಂದು ನಮೂನೆ ತೆರೆದರು. ಕಾಲಂ ಏಳು: ‘ಸ್ಟಿಯರಿಂಗ್ ತಿರುಗಿಸಿದಾಗ ವಾಹನ ತಿರುಗುತ್ತದೆಯೇ?’

ಅವರು ತಿರುಗಿಸಿದರು. ವಾಹನ ತಿರುಗಿತು. ಟೀ ಅಂಗಡಿಯ ಬೆಂಚು ಮುರಿಯಿತು. ‘ಹೌದು’ ಎಂದು ಬರೆದರು.

“ಉಲ್ಟಾ ತಿರುಗ್ತಿದೆಯಲ್ಲ ಸಾರ್!” ಎಂದ ಗುರುಪ್ರಸಾದ.

“ಯಾವ ಕಡೆಗೆ ಅನ್ನೋ ಕಾಲಂ ಇಲ್ಲ, ಗುರುಪ್ರಸಾದ್ ಗಾರು.”

“ಹಾಗಾದ್ರೆ ಬಿಚ್ಚಿ ಸರಿಮಾಡಿಸ್ತೀನಿ.”

“ಅದು ಎರಡನೇ ಪರಿವರ್ತನೆ ಆಗ್ತದೆ. ಒಂದು ವಾಹನಕ್ಕೆ ಒಂದು ಜನ್ಮದಲ್ಲಿ ಒಂದೇ. ಕಾರು ಸರಿಯಾಗಿದೆ. ಓಡಿಸೋರು ಸರಿಹೋಗ್ಬೇಕು.”

ವಾರದೊಳಗೆ ಪ್ರಕಟಣೆ ಹೊರಬಿತ್ತು: “ವಿಲೋಮ ವಾಹನ ಚಲಾಯಿಸುವವರು ವಿಲೋಮ ಲೈಸೆನ್ಸ್ ಹೊಂದತಕ್ಕದ್ದು. ಶುಲ್ಕ ಮುನ್ನೂರು ರೂಪಾಯಿ. ಪರೀಕ್ಷೆಗೆ ಸದರಿ ಕಾರನ್ನೇ ಬಳಸತಕ್ಕದ್ದು. ತೇರ್ಗಡೆಯಾದವರು ಉಳಿದೆಲ್ಲ ವಾಹನಗಳನ್ನೂ ಚಲಾಯಿಸಬಹುದು.”

ಕೊನೆಯ ವಾಕ್ಯದ ಕಾರಣ ಬೆಳಿಗ್ಗೆ ಆರಕ್ಕೇ ಸಾಲು ನಿಂತಿತು. ಸಾಮಾನ್ಯ ಪರೀಕ್ಷೆಯಲ್ಲಿ ಗಾಬರಿಯಿಂದ ತಪ್ಪು ಕಡೆಗೆ ತಿರುಗಿಸಿ ಫೇಲಾದವರೆಲ್ಲ ಬಂದರು. ಇಲ್ಲೂ ಗಾಬರಿಯಾದರು. ಪಾಸಾದರು. ಒನ್ ಟೌನ್ ಪೇಟೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಕಣ್ಣುಮುಚ್ಚಿಕೊಂಡೇ ಪಾಸಾದ. ಸತ್ಯಮೂರ್ತಿ ವಿಲೋಮ ಡ್ರೈವಿಂಗ್ ಶಾಲೆ ತೆರೆದ. ಏನೂ ಬಾರದವರಿಗೆ ಆದ್ಯತೆ ಎಂದು ಬೋರ್ಡು ಹಾಕಿದ.

ಗುರುಪ್ರಸಾದ ಬೇರೆ ಕಾರುಗಳನ್ನು ಹದಿನಾಲ್ಕು ವರ್ಷ ಸರಿಯಾಗಿ ಓಡಿಸಿದವನು. ಫೇಲಾದ. ಮನೆಯಲ್ಲಿ ಊಟದ ತಟ್ಟೆ ಹಿಡಿದು ಉಲ್ಟಾ ತಿರುಗಿಸಿ ಅಭ್ಯಾಸ ಮಾಡಿದ. ಸಾರು ಚೆಲ್ಲಿತು. ಮುಂದಿನ ಶನಿವಾರ ರೈಲು ಹಿಡಿದು ಬಂದು ಮತ್ತೆ ಫೇಲಾದ.

“ಕೈಗೆ ಕೆಟ್ಟ ಅಭ್ಯಾಸ ಅಂಟಿದೆ,” ಎಂದು ಸೂರ್ಯಪ್ರಕಾಶರು ಮರುಗಿದರು.

ಯುಗಾದಿಗೆ ಮೂರು ದಿನವಿದ್ದಾಗ ಮೃಣಾಲಿನಿ ತಾನೇ ವಿಜಯವಾಡಕ್ಕೆ ಬಂದಳು. ಅವಳು ಸ್ಟಿಯರಿಂಗ್ ಮುಟ್ಟಿದವಳಲ್ಲ.

“ನಾನು ಒಂದು ಕಡೆ ಎಳೆದ್ರೆ ಅದು ಇನ್ನೊಂದು ಕಡೆ ಹೋಗತ್ತೆ, ಅಷ್ಟೇ ತಾನೆ?” ಎಂದಳು. “ಒಂಬತ್ತು ವರ್ಷ ನಿಮ್ಮ ಜೊತೆ ಸಂಸಾರ ಮಾಡಿಲ್ವೇನ್ರೀ?”

ಮೊದಲ ಸಲಕ್ಕೇ ಪಾಸಾದಳು.

ಯುಗಾದಿ ರಜೆಗೆ ಉಪಕೇಂದ್ರ ಕಾರನ್ನು ಬಿಟ್ಟುಕೊಟ್ಟಿತು. ಭೀಮಿಲಿಯವರೆಗೂ ಅವಳೇ ಓಡಿಸಿದಳು. ಪಕ್ಕದಲ್ಲಿ ಗುರುಪ್ರಸಾದ ಒಬ್ಬಟ್ಟಿನ ಡಬ್ಬಿ ಹಿಡಿದು ಕೂತಿದ್ದ.

ಉಪಕೇಂದ್ರದ ಮಾರ್ಚ್ ವರದಿಯ ಪ್ರಕಾರ ವಿಲೋಮ ಲೈಸೆನ್ಸ್ ಪಡೆದವರು ೬೧೨. ಫೇಲಾದವರು ೧.